ಪುನರ್ಪುಳಿ ಕುಪ್ಪಿ ಸಿಡಿಯದಿರಲು

ಬೇಸಗೆಯ ಬಿಸಿಲಲ್ಲಿ ಮಾಡಿದ ಶರಬತ್ತು ಆಟಿಯ ಮಳೆಯಲ್ಲಿ ನೊರೆಯಾಗಿ ಹರಿದುಹೋಗಬೇಕಿಲ್ಲ. ಬಿಯರ್ ತಯಾರಕರು ಕುಪ್ಪಿ ಒಡೆದುಕೊಂಡು ಕಲಿತ ಪಾಠ ನಮ್ಮ ಅಡುಗೆಮನೆಗೂ ಉಪಯುಕ್ತ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ತೋಟದ ಮನೆಗಳಲ್ಲಿ ಏಪ್ರಿಲ್ ಕಳೆಯುತ್ತಿದ್ದಂತೆ ಪುನರ್ಪುಳಿಯ ಕೆಲಸ ಶುರುವಾಗುತ್ತದೆ. ಹಣ್ಣು ಹೆಕ್ಕಿ, ತೊಳೆದು, ಎರಡು ಹೋಳು ಮಾಡಿ, ಬೀಜ ತೆಗೆದು, ಕೆಂಪು ಓಡಿಗೆ ಸಕ್ಕರೆ ತುಂಬಿ, ಭರಣಿಗೋ ಗಾಜಿನ ಜಾಡಿಗೋ ಇಳಿಸಿ ಬಿಸಿಲಿಗೆ ಇಡಬೇಕು. ಪತ್ತನಾಜೆ ಕಳೆದರೆ ಮಳೆ ಯಾವ ದಿನವೂ ಬರಬಹುದು. ಹಾಗಾಗಿ ಕೈ ಬಿಡುವಿಲ್ಲದೆ ಓಡುತ್ತದೆ. ಕೊಂಕಣಿ ಮಾತಾಡುವ ಮನೆಗಳಲ್ಲಿ ಬಿರಿಂಡ, ಘಟ್ಟದ ಮೇಲಿನವರಿಗೆ ಮುರುಗಲು. ಹೆಸರು ಬೇರೆಯಾದರೂ ದುಡಿಮೆ ಒಂದೇ. ಅದರಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದ್ದು.

ಇಷ್ಟೆಲ್ಲ ಆದ ಮೇಲೆ ಕೆಡುವುದು ಕೊನೆಯ ಹಂತದಲ್ಲಿ, ಕುಪ್ಪಿಗೆ ತುಂಬಿಸುವಾಗ. ಬಿಸಿ ಶರಬತ್ತು ಸುರಿದ ಕೂಡಲೇ ಕುಪ್ಪಿಯ ತಳ ಕಳಚಿ ಬೀಳುತ್ತದೆ. ಪ್ಲಾಸ್ಟಿಕ್ ಬಾಟಲಿ ಮುರುಟಿಕೊಳ್ಳುತ್ತದೆ. ಎಲ್ಲ ಸರಿಯಾಯಿತು ಎಂದು ಕಪಾಟಿನಲ್ಲಿಟ್ಟ ಕುಪ್ಪಿ ಜುಲೈಯಲ್ಲಿ ಒಂದು ರಾತ್ರಿ ಸಿಡಿಯುತ್ತದೆ. ನಷ್ಟವಾದದ್ದು ಸಕ್ಕರೆ ಮಾತ್ರವಲ್ಲ, ಒಂದು ಹಂಗಾಮಿನ ಶ್ರಮ. ಗಾಜಿನ ಚೂರು ಮಗುವಿನ ಕಣ್ಣಿಗೆ ಹಾರಿದರೆ ಆ ನಷ್ಟಕ್ಕೆ ಲೆಕ್ಕವೇ ಇಲ್ಲ.

ಇದನ್ನು ಕೈಗುಣದ ಮೇಲೆ, ಹವೆಯ ಮೇಲೆ ಹಾಕಿ ಸುಮ್ಮನಾಗುವುದು ರೂಢಿ. ಅದು ಸರಿಯಲ್ಲ. ಕುಪ್ಪಿ ಸಿಡಿಯುವುದಕ್ಕೆ ಕಾರಣಗಳಿವೆ, ಆ ಕಾರಣಗಳನ್ನು ಅಳೆಯಬಹುದು. ಅಳೆಯಲು ಬೇಕಾದ ಸಾಧನಗಳು ಒಂದು ಸಣ್ಣ ಸ್ವಸಹಾಯ ಸಂಘದ ಕೈಗೆಟಕುವಂಥವು.

ಬಿಯರಿನವರ ಪಾಠ

ಕುಪ್ಪಿ ತುಂಬಿಸುವ ಅವಘಡಗಳ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಂಡವರು ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಿಗಳು. ಬ್ರಿಟನ್ನಿನಲ್ಲಿ 1963ರಿಂದ ಇದಕ್ಕೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಮನೆ ಬಳಕೆಗೆ ಬಿಯರ್ ತಯಾರಿಸುವುದನ್ನು ತೆರಿಗೆಯಿಂದ ಬಿಟ್ಟಿತು. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದರೆ ಅವರ ಅನುಭವ ಶರಬತ್ತು ಮಾಡುವ ನಮಗೂ ಬೇಕು, ಏಕೆಂದರೆ ಅವರು ಬೇಕೆಂದೇ ಮಾಡುವ ಕೆಲಸ ನಮ್ಮ ಕುಪ್ಪಿಯಲ್ಲಿ ಬೇಡದೆಯೇ ನಡೆಯುತ್ತದೆ.

ಬಿಯರ್ ಹುಳಿತು ಮುಗಿದ ಮೇಲೆ ಅದರಲ್ಲಿ ಗುಳ್ಳೆ ಇರುವುದಿಲ್ಲ. ಗುಳ್ಳೆ ಬರಲೆಂದು ತುಂಬಿಸುವಾಗ ಲೀಟರಿಗೆ ಸುಮಾರು 5ರಿಂದ 7 ಗ್ರಾಂ ಸಕ್ಕರೆ ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ಉಳಿದಿರುವ ಯೀಸ್ಟ್ ಆ ಸಕ್ಕರೆಯನ್ನು ತಿಂದು ಸ್ವಲ್ಪ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಹೋಗಲು ದಾರಿಯಿಲ್ಲದ ಅನಿಲ ದ್ರವದಲ್ಲಿ ಕರಗಿ ಕೂರುತ್ತದೆ. ಲೆಕ್ಕ ಹೀಗಿದೆ: ಒಂದು ಲೀಟರ್ ದ್ರವದಲ್ಲಿ 4 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಕ್ಕರೆ ಹುಳಿತರೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಸಾಮಾನ್ಯ ಬಿಯರಿನಲ್ಲಿ ಅದರ ಎರಡೂವರೆ ಪಟ್ಟು ಅನಿಲವಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಆ ಕುಪ್ಪಿಯೊಳಗಿನ ಒತ್ತಡ ಕಾರಿನ ಟಯರಿನ ಒತ್ತಡಕ್ಕಿಂತ ಹೆಚ್ಚು.

ಬಿಯರಿನವನು ಸೇರಿಸುವುದು ಲೀಟರಿಗೆ ಒಂದೂವರೆ ಚಮಚ. ನಮ್ಮ ಶರಬತ್ತಿನ ಲೀಟರಿನಲ್ಲಿ ಇರುವುದು ನೂರಾರು ಗ್ರಾಂ. ಅದರಲ್ಲಿ 15 ಗ್ರಾಂ ಹುಳಿತರೂ ಸಾಕು, ಹಳೆಯ ಕುಪ್ಪಿಯೊಂದು ತಡೆಯಲಾರದ ಒತ್ತಡ ಬರುತ್ತದೆ. ಸೆಕೆಯೂ ಸೇರಿದರೆ ಇನ್ನೂ ಕಷ್ಟ: ಅನಿಲದ ಪ್ರಮಾಣ ಅಷ್ಟೇ ಇದ್ದರೂ 10 ಡಿಗ್ರಿಯಲ್ಲಿರುವ ಒತ್ತಡ 30 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಅಟ್ಟದ ಮೇಲೆ, ಒಲೆಯ ಹತ್ತಿರ ಇಟ್ಟ ಕುಪ್ಪಿ ಮೊದಲು ಸಿಡಿಯುವುದು ಇದರಿಂದ.

ಯೀಸ್ಟ್ ಎಲ್ಲಿಂದ ಬರುತ್ತದೆ? ಹೊರಗಿನಿಂದ ಹಾಕಬೇಕಾಗಿಲ್ಲ. ಹಣ್ಣಿನ ಸಿಪ್ಪೆಯಲ್ಲಿ, ಗಾಳಿಯಲ್ಲಿ, ಸರಿಯಾಗಿ ತೊಳೆಯದ ಆಲಿಕೆಯಲ್ಲಿ ಅದು ಇದ್ದೇ ಇದೆ. ಮರದಿಂದ ಇಳಿಸಿದ ಕಳ್ಳು ಕೆಲವೇ ಗಂಟೆಗಳಲ್ಲಿ ನೊರೆಗಟ್ಟುವುದು, ಕಳ್ಳು ಹಾಕಿದ ಸಾನ್ನದ ಹಿಟ್ಟು ಉಬ್ಬುವುದು ಈ ಯೀಸ್ಟಿನಿಂದಲೇ. ಕಳ್ಳಿನ ಕುಪ್ಪಿಯ ಬಾಯಿ ಬಿಗಿಯಬಾರದು ಎಂಬುದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶರಬತ್ತಿನ ಕುಪ್ಪಿಯ ಬಾಯಿಯನ್ನೋ ಬಿಗಿಯಲೇಬೇಕು. ಹಾಗಾದರೆ ಒಳಗೆ ಯೀಸ್ಟ್ ಬೆಳೆಯದಂತೆ ನೋಡಿಕೊಳ್ಳದೆ ಬೇರೆ ದಾರಿಯಿಲ್ಲ.

ಸಕ್ಕರೆಯ ಅಳತೆ

ಫ್ರಾನ್ಸಿನ ಶಾಂಪೇನ್ ನೆಲಮಾಳಿಗೆಗಳಲ್ಲಿ ಹಿಂದೆ ಕುಪ್ಪಿ ಒಡೆಯುವುದು ದಿನನಿತ್ಯದ ಮಾತಾಗಿತ್ತು. ಕೆಲಸಗಾರರು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. 1830ರ ದಶಕದಲ್ಲಿ ಶಾಲೋನ್ ಊರಿನ ಫ್ರಾಂಸ್ವಾ ಎಂಬ ಔಷಧ ತಯಾರಕ, ತುಂಬಿಸುವ ಮೊದಲು ವೈನಿನಲ್ಲಿ ಉಳಿದಿರುವ ಸಕ್ಕರೆ ಎಷ್ಟೆಂದು ಅಳೆದು, ಆಮೇಲೆ ಬೇಕಾದಷ್ಟೇ ಸೇರಿಸುವ ವಿಧಾನ ತೋರಿಸಿಕೊಟ್ಟ. ಅಲ್ಲಿಂದ ಒಡೆಯುವ ಕುಪ್ಪಿಗಳ ಸಂಖ್ಯೆ ಇಳಿಯತೊಡಗಿತು.

ನಮ್ಮ ಸಮಸ್ಯೆಗೂ ಅಳತೆಯೇ ಮೊದಲ ಮದ್ದು, ಆದರೆ ದಿಕ್ಕು ತಿರುವುಮುರುವು. ಸಕ್ಕರೆ ಸಾಕಷ್ಟು ಗಟ್ಟಿಯಾಗಿದ್ದರೆ ಅದು ಯೀಸ್ಟಿನ ಒಳಗಿನ ನೀರನ್ನೇ ಎಳೆದು ಬೆಳವಣಿಗೆಯನ್ನು ತಡೆಯುತ್ತದೆ. ಹಣ್ಣಿನ ಸಿರಪ್ಪಿನಲ್ಲಿ ಕರಗಿದ ಘನಾಂಶ ಶೇಕಡಾ 65ಕ್ಕಿಂತ ಕಡಿಮೆ ಇರಬಾರದು ಎಂದು ಆಹಾರ ನಿಯಮ ಹೇಳುವುದರ ಹಿಂದಿರುವ ತತ್ವ ಇದು.

ಒಂದು ಕಿಲೋ ತಾಜಾ ಓಡಿನಲ್ಲಿ 800 ಗ್ರಾಂ ನೀರು ಎಂದು ಹಿಡಿಯಿರಿ. ಅದಕ್ಕೆ ಒಂದೇ ಕಿಲೋ ಸಕ್ಕರೆ ಹಾಕಿದರೆ ಬರುವ ರಸದಲ್ಲಿ ಸಕ್ಕರೆ ಶೇಕಡಾ 55ರ ಆಸುಪಾಸು. ಎರಡು ಕಿಲೋ ಹಾಕಿದರೆ 70ರ ಆಸುಪಾಸು. ಸಿಹಿ ಜಾಸ್ತಿಯಾದೀತೆಂದು ಸಕ್ಕರೆ ಕಡಿಮೆ ಮಾಡಿದವರ ಕುಪ್ಪಿಯೇ ಮೊದಲು ನೊರೆ ಕಾರುತ್ತದೆ. ಸಿಹಿ ಕಡಿಮೆ ಬೇಕಾದವರು ಕುಡಿಯುವಾಗ ನೀರು ಹೆಚ್ಚು ಬೆರೆಸಿಕೊಳ್ಳಲಿ. ಕುಪ್ಪಿಯೊಳಗೆ ಮಾತ್ರ ಗಟ್ಟಿಯಾಗಿಯೇ ಇರಲಿ.

ಒಂದೇ ಭರಣಿಯಿಂದ ತುಂಬಿಸಿದ ಕುಪ್ಪಿಗಳಲ್ಲಿ ಎರಡು ಮಾತ್ರ ಸಿಡಿದು ಉಳಿದವು ಚೆನ್ನಾಗಿರುವುದೂ ಉಂಟು. ಭರಣಿಯಲ್ಲಿ ಸಕ್ಕರೆ ತಳಕ್ಕೆ ಇಳಿಯುತ್ತದೆ. ಮೇಲೆ ತೆಳು ರಸ, ಕೆಳಗೆ ಮಂದ ರಸ. ಕಲಕದೆ ಮೇಲಿನಿಂದ ಬಗ್ಗಿಸಿದರೆ ಮೊದಲ ಕುಪ್ಪಿಗಳಿಗೆ ಹೋಗುವುದು ತೆಳು ರಸವೇ. ಅದಕ್ಕಾಗಿ ಎಲ್ಲವನ್ನೂ ಒಂದು ಸ್ಟೀಲ್ ಪಾತ್ರೆಗೆ ಸುರಿದು, ಅಡಿಯ ಸಕ್ಕರೆ ಪೂರ್ತಿ ಕರಗುವ ತನಕ ಕಲಕಿ, ಆಮೇಲೆಯೇ ತುಂಬಿಸಬೇಕು. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಬೇಡ. ಪುನರ್ಪುಳಿಯ ಹುಳಿ ಲೋಹವನ್ನು ತಿನ್ನುತ್ತದೆ, ಕಬ್ಬಿಣ ತಾಗಿದರೆ ಬಣ್ಣವೂ ಕಪ್ಪಾಗುತ್ತದೆ.

ಗಟ್ಟಿತನ ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಕೈ ಸಾಧನವಿದೆ. ಒಂದು ಹನಿ ಸಾಕು. ಕೊಳ್ಳುವಾಗ ಅಳತೆಯ ವ್ಯಾಪ್ತಿ ನೋಡಬೇಕು: ಬಿಯರಿಗೂ ಹಣ್ಣಿನ ರಸಕ್ಕೂ ಮಾಡಿದ 0ರಿಂದ 32ರ ವರೆಗಿನದ್ದು ನಮ್ಮ ಸಿರಪ್ಪಿಗೆ ನಿಷ್ಪ್ರಯೋಜಕ, 80ರ ವರೆಗೆ ತೋರಿಸುವಂಥದ್ದು ಬೇಕು. ಅದೂ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಒಂದು ಕುಪ್ಪಿಯನ್ನು ಖಾಲಿಯಾಗಿ ತೂಗಿ, ಸರಿಯಾಗಿ ಒಂದು ಕಿಲೋ ನೀರು ಹಾಕಿ, ನೀರು ನಿಂತ ಮಟ್ಟಕ್ಕೆ ಗುರುತು ಮಾಡಿ. ನೀರು ಚೆಲ್ಲಿ, ಒಣಗಿಸಿ, ಆರಿದ ಸಿರಪ್ಪನ್ನು ಅದೇ ಗುರುತಿನ ತನಕ ತುಂಬಿಸಿ ತೂಗಿ. ಸಿರಪ್ಪಿನ ತೂಕ 1 ಕಿಲೋ 320 ಗ್ರಾಂ ಇದ್ದರೆ ಶೇಕಡಾ 65 ತಲುಪಿದೆ ಎಂದರ್ಥ. 1 ಕಿಲೋ 230 ಗ್ರಾಂ ಮಾತ್ರ ಬಂದರೆ ಅದು ಶೇಕಡಾ 50ರ ಹತ್ತಿರವಿದೆ. ಇನ್ನಷ್ಟು ಸಕ್ಕರೆ ಬೇಕು.

ಆಲಿಕೆ, ಪೈಪು, ನಲ್ಲಿ

ಕುಪ್ಪಿಯ ಬಾಯಿಗೆ ಆಲಿಕೆ ಒತ್ತಿಕೊಂಡರೆ ಒಳಗಿನ ಗಾಳಿಗೆ ಹೊರಬರಲು ಜಾಗವಿಲ್ಲ. ಸಿರಪ್ಪು ಗುಳುಕ್ಕೆಂದು ನಿಂತು, ಮರುಕ್ಷಣ ಮೇಲೆ ಚಿಮ್ಮುತ್ತದೆ. ಅದು ಬಿಸಿಯಾಗಿದ್ದರೆ ಕೈ ಸುಡುತ್ತದೆ. ಆಲಿಕೆಗೂ ಕುಪ್ಪಿಯ ಬಾಯಿಗೂ ನಡುವೆ ಕುದಿನೀರಲ್ಲಿ ಅದ್ದಿದ ಸ್ಟೀಲ್ ಚಮಚದ ಹಿಡಿ ಸಿಕ್ಕಿಸಿದರೆ ಗಾಳಿಗೆ ದಾರಿಯಾಗುತ್ತದೆ.

ಮೇಲಿನ ಪಾತ್ರೆಯಿಂದ ಕೆಳಗಿನ ಕುಪ್ಪಿಗೆ ಪೈಪು ಹಾಕಿ ಬಾಯಿಯಿಂದ ಎಳೆಯುವವರಿದ್ದಾರೆ. ಬಾಯಿಯ ಸೂಕ್ಷ್ಮಜೀವಿಗಳು ನೇರ ಶರಬತ್ತಿಗೆ ಹೋಗುವ ದಾರಿ ಇದು. ಅಲ್ಲದೆ ಗಟ್ಟಿ ಸಿರಪ್ಪು ಸಣ್ಣ ಪೈಪಿನಲ್ಲಿ ಹರಿಯುವುದೂ ಕಷ್ಟ. ಬಿಯರ್ ಹವ್ಯಾಸಿಗಳು ಈ ಪೈಪಿನ ತಾಪತ್ರಯಕ್ಕೆ ಕಂಡುಕೊಂಡ ಸುಲಭ ಉಪಾಯ ಅಡಿಯಲ್ಲಿ ನಲ್ಲಿ ಇರುವ ಪಾತ್ರೆ. ಮದುವೆ ಮನೆಯಲ್ಲಿ ಕುಡಿಯುವ ನೀರಿಡುವ, ನಲ್ಲಿ ಇರುವ ಸ್ಟೀಲ್ ಡ್ರಮ್ಮು ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಮೇಜಿನ ಮೇಲಿಟ್ಟು, ನಲ್ಲಿಗೆ ಕುಪ್ಪಿಯ ತಳ ಮುಟ್ಟುವಷ್ಟು ಉದ್ದದ ಆಹಾರ ದರ್ಜೆಯ ಸಿಲಿಕೋನ್ ಪೈಪು ಸಿಕ್ಕಿಸಿದರೆ ಸಿರಪ್ಪು ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರುತ್ತದೆ. ನೊರೆ ಏಳದು, ಗಾಳಿ ಬೆರೆಯದು. ಗಾಳಿ ಕಡಿಮೆ ತಾಗಿದಷ್ಟೂ ಪುನರ್ಪುಳಿಯ ಕೆಂಪು ಉಳಿಯುತ್ತದೆ.

ಆ ನಲ್ಲಿಯ ಬಗ್ಗೆ ಒಂದು ಎಚ್ಚರಿಕೆ ಬೇಕು. ಹೊರಗೆ ಎಷ್ಟೇ ತೊಳೆದರೂ ಅದರ ತಿರುಪಿನ ಒಳಗೆ, ವಾಷರಿನ ಹಿಂದೆ ಹಳೆಯ ಸಿಹಿ ಅಂಟಿಕೊಂಡು ಯೀಸ್ಟ್ ಮನೆ ಮಾಡುತ್ತದೆ. ಪ್ರತಿ ಬಾರಿಯೂ ನಲ್ಲಿ ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಭಾಗಗಳನ್ನು ಕುದಿನೀರಿನಲ್ಲಿ ಹಾಕಿ ತೆಗೆಯಬೇಕು. ಪೈಪಿನ ಒಳಗೋಡೆ ಮಬ್ಬಾದರೆ ಬದಲಿಸಬೇಕು.

ಕುಪ್ಪಿ ಮತ್ತು ಮುಚ್ಚಳ

ನಮ್ಮ ಮನೆಗಳಲ್ಲಿ ಕುಪ್ಪಿ ಎಂದರೆ ಹಳೆಯ ಸ್ಕ್ವಾಷಿನದ್ದು, ಜೇನಿನದ್ದು, ಬ್ರಾಂದಿಯದ್ದು. ಮರುಬಳಕೆ ಒಳ್ಳೆಯದೇ, ಪರೀಕ್ಷೆ ಮಾಡಿದರೆ. ಕುಪ್ಪಿಯ ಬಾಯಿಯ ಸುತ್ತ ಹತ್ತಿ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸಣ್ಣ ಬಿರುಕಿದೆ. ಬೆಳಕಿಗೆ ಹಿಡಿದು ಗೀರು, ಗುಳ್ಳೆ ನೋಡಿ. ಸೀಮೆಎಣ್ಣೆ, ಕೀಟನಾಶಕ, ಫಿನಾಯಿಲ್ ಹಾಕಿಟ್ಟ ಕುಪ್ಪಿ ಎಷ್ಟು ತೊಳೆದರೂ ಬೇಡ. ಬ್ರಾಂದಿ ಕುಪ್ಪಿಯ ತೆಳು ಅಲ್ಯೂಮಿನಿಯಂ ಮುಚ್ಚಳ ಒಮ್ಮೆ ಮುರಿದ ಮೇಲೆ ಮತ್ತೆ ಗಾಳಿಯಾಡದಂತೆ ಕೂರುವುದಿಲ್ಲ. ಒಳಪದರವಿರುವ ಹೊಸ ತಿರುಪು ಮುಚ್ಚಳ ಬೇಕು.

ಸೋಡಾ, ಬಿಯರ್ ಕುಪ್ಪಿಗಳಿಗೆ ಹಾಕುವ ಹಲ್ಲಿನ ತಗಡು ಮುಚ್ಚಳಕ್ಕೆ ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ. ಮೊದಲು 24 ಹಲ್ಲುಗಳಿದ್ದವು, ಈಗ 21. ಇಂದಿಗೂ ಅಗ್ಗದ, ಬಿಗಿಯಾದ ಮುಚ್ಚಳ ಅದೇ. ಅದನ್ನು ಒತ್ತುವ ಸಾಧನ ಎರಡು ಬಗೆ. ಎರಡು ರೆಕ್ಕೆಯ ಕೈಸಾಧನ ಕುಪ್ಪಿಯ ಕುತ್ತಿಗೆಯ ಏಣನ್ನು ಹಿಡಿದು ಒತ್ತುತ್ತದೆ. ಆ ಏಣಿನ ಆಕಾರ ಹೊಂದದಿದ್ದರೆ ಜಾರುತ್ತದೆ, ಇಲ್ಲವೇ ಕುತ್ತಿಗೆಯನ್ನೇ ಮುರಿಯುತ್ತದೆ. ಮೇಜಿನ ಮೇಲೆ ನಿಲ್ಲಿಸುವ ಸನ್ನೆಯ ಯಂತ್ರ ಮೇಲಿನಿಂದ ನೇರವಾಗಿ ಒತ್ತುತ್ತದೆ. ಹಲವು ಕುಪ್ಪಿ ತುಂಬಿಸುವವರಿಗೆ ಎರಡನೆಯದೇ ಸುರಕ್ಷಿತ. ತಗಡು ಮುಚ್ಚಳ ಹಾರಿಹೋಗುವಂಥದ್ದಲ್ಲ ಎಂಬುದನ್ನೂ ನೆನಪಿಡಬೇಕು. ಬಿರಡೆಯಾದರೆ ಒತ್ತಡಕ್ಕೆ ಚಿಮ್ಮಿ ಗಾಜನ್ನು ಉಳಿಸೀತು, ತಗಡು ಮುಚ್ಚಳದ ಕೆಳಗೆ ಒಡೆಯುವುದು ಗಾಜೇ. ಹಾಗಾಗಿ ಸಕ್ಕರೆ ಅಳೆಯದೆ, ಬಿಸಿ ಮಾಡದೆ ಈ ಮುಚ್ಚಳ ಹಾಕಲೇಬಾರದು.

ಬಿಸಿಯ ಹದ

ಬಿಸಿ ಮಾಡಿ ಕೆಡದಂತೆ ಇಡುವ ವಿದ್ಯೆಗೆ ಶಾಸ್ತ್ರದ ಬುನಾದಿ ಹಾಕಿದವರು ಲೂಯಿ ಪಾಶ್ಚರ್. 1860ರ ದಶಕದಲ್ಲಿ ವೈನಿನ ಮೇಲೆ ಪ್ರಯೋಗ ನಡೆಸಿದರು. 1876ರಲ್ಲಿ ಬಿಯರ್ ಕುರಿತ ಅಧ್ಯಯನವನ್ನು ಪುಸ್ತಕವಾಗಿ ತಂದರು. ಹುಳಿ ಇರುವ ಹಣ್ಣಿನ ರಸಕ್ಕೆ ಇಂದು ಮನೆಮಟ್ಟದಲ್ಲಿ ಅನುಕೂಲವಾದ ಕ್ರಮವೆಂದರೆ 85 ಡಿಗ್ರಿಗೆ ಬಿಸಿ ಮಾಡಿ, ಬಿಸಿಯಿರುವಾಗಲೇ ತುಂಬಿಸಿ ಮುಚ್ಚುವುದು. ಕುದಿಸುತ್ತಾ ಕೂತರೆ ಕೆಂಪು ಬಣ್ಣ ಕಂದಾಗುತ್ತದೆ. ಉಷ್ಣಮಾಪಕ ಹಿಡಿದು, 85 ಮುಟ್ಟಿದೊಡನೆ ಒಲೆ ಆರಿಸಬೇಕು. ಜೀರಿಗೆ, ಉಪ್ಪು ಹಾಕುವವರು ಬಿಸಿ ಮಾಡುವ ಮೊದಲೇ ಹಾಕಬೇಕು.

ತಳ ಕಳಚಿ ಬೀಳುವ ಅವಘಡ ಆಗುವುದು ಇಲ್ಲೇ. ಸಾಮಾನ್ಯ ಗಾಜು ಸುಮಾರು 40 ಡಿಗ್ರಿಯ ದಿಢೀರ್ ವ್ಯತ್ಯಾಸವನ್ನಷ್ಟೇ ತಡೆದೀತು. ಮೇ ತಿಂಗಳಲ್ಲೂ ಕುಪ್ಪಿ 33 ಡಿಗ್ರಿಯಲ್ಲಿದ್ದರೆ ಸಿರಪ್ಪಿಗೂ ಅದಕ್ಕೂ 52 ಡಿಗ್ರಿಯ ಅಂತರ. ಹಂಡೆಯ ತಳಕ್ಕೆ ಬಟ್ಟೆ ಹಾಸಿ, ಕುಪ್ಪಿಗಳನ್ನು ತಣ್ಣೀರಲ್ಲಿ ಮುಳುಗಿಸಿ, ನೀರಿನ ಜೊತೆಗೇ ನಿಧಾನ ಕುದಿಗೆ ತಂದು ಹತ್ತು ನಿಮಿಷ ಬಿಟ್ಟರೆ ಶುದ್ಧವೂ ಆಯಿತು, ಬಿಸಿಯೂ ಆಯಿತು. ತೆಗೆದು ಮರದ ಹಲಗೆಯ ಮೇಲೋ ಮಡಚಿದ ಗೋಣಿಯ ಮೇಲೋ ಇಡಬೇಕು, ಸಿಮೆಂಟಿನ ನೆಲದ ಮೇಲೆ ಅಲ್ಲ. ಬಾಯಿಯಿಂದ ಎರಡು ಸೆಂಟಿಮೀಟರ್ ಖಾಲಿ ಬಿಟ್ಟು ತುಂಬಿಸಿ, ಮುಚ್ಚಿ, ಕೂಡಲೇ ಮೂರು ನಿಮಿಷ ಅಡ್ಡ ಮಲಗಿಸಿದರೆ ಮುಚ್ಚಳದ ಒಳಭಾಗಕ್ಕೂ ಬಿಸಿ ತಾಗುತ್ತದೆ. ಆರಿದ ಮೇಲೆ ಪ್ರತಿ ಕುಪ್ಪಿಯನ್ನೂ ಒಮ್ಮೆ ಕುಲುಕಬೇಕು. ಮುಚ್ಚಳದ ಅಡಿ ಕಟ್ಟಿದ ಹನಿ ನೀರು ಸಿರಪ್ಪಿನ ಮೇಲ್ಪದರವನ್ನು ತೆಳುವಾಗಿಸಿ ಬೂಷ್ಟಿಗೆ ಜಾಗ ಕೊಡುತ್ತದೆ.

ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ಈ ಬಿಸಿಗೆ ತಾಳದು. ಪ್ಲಾಸ್ಟಿಕ್ಕಿಗೇ ಹಾಕಬೇಕಿದ್ದರೆ ಸಿರಪ್ಪು ಪೂರ್ತಿ ಆರಿರಬೇಕು, ಬಾಟಲಿ ಫ್ರಿಜ್ಜಿನಲ್ಲಿರಬೇಕು. ಬಿಸಿಲ ಶರಬತ್ತನ್ನು ಒಲೆಗಿಡಲು ಒಪ್ಪದ ಹಿರಿಯರಿದ್ದಾರೆ. ಅವರ ಕ್ರಮದಲ್ಲಿ ಶೇಕಡಾ 65ರ ಗಟ್ಟಿತನ ಕಡ್ಡಾಯ, ಇಡುವ ಜಾಗ ಫ್ರಿಜ್ಜೇ ಲೇಸು. ಗಟ್ಟಿ ಸಕ್ಕರೆಯಲ್ಲೂ ಬೆಳೆಯಬಲ್ಲ ಯೀಸ್ಟುಗಳಿವೆ.

ಸಂರಕ್ಷಕ ಹಾಕುವವರು ಆಯ್ಕೆಯಲ್ಲಿ ಎಡವುತ್ತಾರೆ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುನರ್ಪುಳಿಯ ಕೆಂಪನ್ನು ಬಿಳಚಿಸುತ್ತದೆ. ಇಲ್ಲಿ ಹೊಂದುವುದು ಸೋಡಿಯಂ ಬೆಂಜೋಯೇಟ್, ಅದೂ ಕಿಲೋಗೆ ಒಂದು ಗ್ರಾಂಗಿಂತ ಕಡಿಮೆ. ಚಿಟಿಕೆಯ ಅಂದಾಜು ಇಲ್ಲಿ ನಡೆಯದು. ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಡೀ ಡ್ರಮ್ಮಿನ ಲೆಕ್ಕ ತೂಗಿ, ಸ್ವಲ್ಪ ನೀರಲ್ಲಿ ಕರಗಿಸಿ ಬೆರೆಸಬೇಕು.

ಈ ಕ್ರಮವೆಲ್ಲ ಪುನರ್ಪುಳಿಯಂಥ ಹುಳಿ ಹಣ್ಣಿಗೆ ಮಾತ್ರ. ಎಳನೀರು, ಕಬ್ಬಿನ ಹಾಲು ಇವುಗಳಲ್ಲಿ ಹುಳಿ ಸಾಲದು, ಪಿಎಚ್ 4.6ಕ್ಕಿಂತ ಮೇಲಿದ್ದರೆ ಗಾಳಿಯಿಲ್ಲದ ಕುಪ್ಪಿಯಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ. ಅವನ್ನು ಮನೆಯಲ್ಲಿ ಕುಪ್ಪಿಗೆ ತುಂಬಿಸಿ ಇಡಬಾರದು.

ಕಾವಲಿಗೊಂದು ಬಾಟಲಿ

ಬಿಯರ್ ಹವ್ಯಾಸಿಗಳ ಇನ್ನೊಂದು ಜಾಣತನ ನಮಗೆ ನೇರ ಸಲ್ಲುತ್ತದೆ. ಗಾಜಿನ ಕುಪ್ಪಿಗಳ ಜೊತೆಗೆ ಸೋಡಾದ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ಅವರು ತುಂಬಿಸುತ್ತಾರೆ. ಅದನ್ನು ಹಿಸುಕಿದರೆ ಒಳಗಿನ ಒತ್ತಡ ತಿಳಿಯುತ್ತದೆ. ನಾವೂ ಅದೇ ಸಿರಪ್ಪನ್ನು ಆರಿಸಿ ಒಂದು ಚಿಕ್ಕ ಸೋಡಾ ಬಾಟಲಿಗೆ ಹಾಕಿ ಗಾಜಿನ ಕುಪ್ಪಿಗಳ ಪಕ್ಕ ಇಡಬಹುದು. ಬಿಸಿಯಾಗಿ ತುಂಬಿಸದ್ದರಿಂದ ಹುಳಿಯುವುದಿದ್ದರೆ ಅದೇ ಮೊದಲು ಹುಳಿಯುತ್ತದೆ. ವಾರಕ್ಕೊಮ್ಮೆ ಒತ್ತಿ ನೋಡಿ, ಗಟ್ಟಿಯಾದರೆ ಉಳಿದವನ್ನು ಫ್ರಿಜ್ಜಿಗೆ ಸಾಗಿಸಬೇಕು.

ಗಾಜಿನ ಕುಪ್ಪಿಯಲ್ಲೇ ಗುಳ್ಳೆ ಏಳುವುದು ಕಂಡರೆ ಮುಖದ ಹತ್ತಿರ ಹಿಡಿದು ತೆರೆಯಬೇಡಿ. ಕನ್ನಡಕ ಹಾಕಿ, ದಪ್ಪ ಬೈರಾಸು ಸುತ್ತಿ ಎತ್ತಿ ಕೆಲವು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಒತ್ತಡ ಇಳಿಯುತ್ತದೆ. ಆಮೇಲೆ ಅಂಗಳದಲ್ಲಿ, ಮಕ್ಕಳನ್ನು ದೂರವಿಟ್ಟು, ಬಟ್ಟೆ ಸುತ್ತಿಯೇ ನಿಧಾನ ತೆರೆದು ಚೆಲ್ಲಿಬಿಡಿ.

ಸಂಘಕ್ಕೊಂದು ಸಾಧನ ಪೆಟ್ಟಿಗೆ

ಒಂದು ಮನೆ ವರ್ಷಕ್ಕೆ ಕೆಲವು ಕುಪ್ಪಿ ತುಂಬಿಸಲು ಇವೆಲ್ಲವನ್ನೂ ಕೊಳ್ಳಬೇಕಿಲ್ಲ. ನಲ್ಲಿಯ ಸ್ಟೀಲ್ ಡ್ರಮ್, ಸಿಲಿಕೋನ್ ಪೈಪು, ಉಷ್ಣಮಾಪಕ, ತಕ್ಕಡಿ, ರಿಫ್ರಾಕ್ಟೋಮೀಟರ್, ಮುಚ್ಚಳ ಒತ್ತುವ ಸನ್ನೆಯ ಯಂತ್ರ, ಇಷ್ಟನ್ನು ಒಂದು ಸ್ವಸಹಾಯ ಸಂಘ ಸೇರಿ ಕೊಂಡರೆ ಮನೆಯಿಂದ ಮನೆಗೆ ಸಾಗಿಸಬಹುದು. ಇದಕ್ಕೆ ನಮ್ಮ ನೆಲ ಸಿದ್ಧವಾಗಿಯೇ ಇದೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಳ್ಳಿಹಳ್ಳಿಯಲ್ಲಿ ಸಂಘಗಳನ್ನು ಕಟ್ಟಿದೆ. ಅದೇ ವರ್ಷ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ತರಬೇತಿಗೆ ಹೆಸರಾಗಿದೆ. ಆಹಾರ ಸಂಸ್ಕರಣೆಯ ಶಾಸ್ತ್ರ ಕೇಳಲು ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ ಇದೆ. ಮಾರುವ ಉದ್ದೇಶವಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಕುಪ್ಪಿಯ ಮೇಲೆ ತಯಾರಿಸಿದ ದಿನ, ಬ್ಯಾಚ್ ಸಂಖ್ಯೆ, ಸಂರಕ್ಷಕ ಹಾಕಿದ್ದರೆ ಅದರ ಹೆಸರು ಇರಬೇಕು. ಮನೆಗೇ ಇಟ್ಟುಕೊಳ್ಳುವವರೂ ಚೀಟಿಯಲ್ಲಿ ದಿನಾಂಕ ಮತ್ತು ತೂಗಿದಾಗ ಬಂದ ಅಂಕಿ ಬರೆದು ಅಂಟಿಸಲಿ. ಮುಂದಿನ ವರ್ಷ ಯಾವ ಹದ ಕೆಟ್ಟಿತು, ಯಾವುದು ಉಳಿಯಿತು ಎಂಬುದಕ್ಕೆ ಅದೇ ದಾಖಲೆ.

ಹಲಸಿನ ಹಪ್ಪಳಕ್ಕೆ, ಮಿಡಿ ಉಪ್ಪಿನಕಾಯಿಗೆ ನಮ್ಮ ಅಜ್ಜಿಯಂದಿರು ತಲೆಮಾರುಗಳಲ್ಲಿ ಹದ ಕಂಡುಕೊಂಡರು. ಬಿಗಿ ಮುಚ್ಚಳದ ಗಾಜಿನ ಕುಪ್ಪಿ ನಮ್ಮ ಅಡುಗೆಮನೆಗೆ ಬಂದದ್ದು ಅದಕ್ಕೆ ಹೋಲಿಸಿದರೆ ಇತ್ತೀಚೆಗೆ. ಅದರ ಹದವನ್ನು ನಾವು ಕಂಡುಕೊಳ್ಳಬೇಕಾಗಿದೆ, ಮತ್ತು ಅದಕ್ಕೆ ತಲೆಮಾರು ಕಾಯಬೇಕಿಲ್ಲ. ಬರುವ ಪುನರ್ಪುಳಿ ಹಂಗಾಮಿಗೆ ಮೊದಲು ನಿಮ್ಮ ಸಂಘದ ಸಭೆಯಲ್ಲಿ ಈ ಪೆಟ್ಟಿಗೆಯ ಮಾತು ಎತ್ತಿ. ಉಳಿದದ್ದೆಲ್ಲ ಆಮೇಲೆ ಕೊಂಡರೂ ಆದೀತು. ತಕ್ಕಡಿ ಮತ್ತು ಉಷ್ಣಮಾಪಕ ಮೊದಲು ಬರಲಿ.